ಹಾಜಿರಕ್ಕ ಓದಿದರು, ಅಪ್ಪ ಅರ್ಥ ಹೇಳಿದ

ನಮ್ಮಪ್ಪ ಚೆಲುವಯ್ಯನಿಗೆ ಎಂಟು ಭಾಷೆ ಬರುತ್ತಿತ್ತು. ಅದರಲ್ಲಿ ನಮ್ಮಮ್ಮನ ಎದುರು ಕೂತು ಆಡುವುದಕ್ಕೆ ಒಂದೂ ಇರಲಿಲ್ಲ.

ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಹೋದ ವರ್ಷ ಅಪ್ಪ ತೀರಿಕೊಂಡಾಗ ಹನ್ನೊಂದನೆಯ ದಿನದ ಕಾರ್ಯಕ್ಕೆ ಒಬ್ಬ ವರದಿಗಾರ ಬಂದಿದ್ದ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಟೀ ಅಂಗಡಿಯವರು ಅರಬ್ಬಿ, ಬಂಗಾಳಿ, ಫಿಲಿಪೀನ್ಸಿನವರ ಭಾಷೆ ಎಲ್ಲ ಕಲಿತಿದ್ದರಂತಲ್ಲ ಮೇಡಂ, ಸ್ವಲ್ಪ ಹೇಳಿ ಅಂದ. ಒಂದು ಫೋಟೋ ಕೊಟ್ಟೆ, ಊಟ ಹಾಕಿ ಕಳಿಸಿದೆ. ಅಪ್ಪ ಪದಗಳನ್ನು ಬರೆದಿಟ್ಟ ನೋಟ್‌ಬುಕ್ಕು ಇದೆಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂದೆ. ಅದನ್ನು ಅಪ್ಪನೇ ಅಂಗಡಿಯ ಒಲೆಗೆ ಹಾಕಿದ್ದು ಅಂತ ಹೇಳಲಿಲ್ಲ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬಂತು. ಊರಿನವರು ಓದಿ ಫೋನ್ ಮಾಡಿ ಹೊಗಳಿದರು. ಅಪ್ಪ ಕೊನೆಯ ಹದಿನಾಲ್ಕು ವರ್ಷ ಕನ್ನಡ ಬಿಟ್ಟು ಇನ್ನೊಂದು ಭಾಷೆಯಲ್ಲಿ ಒಂದು ಪದವನ್ನೂ ಆಡಲಿಲ್ಲ ಅನ್ನುವುದು ಆ ಅರ್ಧ ಪುಟದಲ್ಲಿ ಎಲ್ಲೂ ಇರಲಿಲ್ಲ. ಯಾರೂ ಕೇಳಲೂ ಇಲ್ಲ. ಕೇಳದೆ ಇದ್ದದ್ದನ್ನು ನಾನೇ ಹೇಳಿಬಿಡುವುದು ವಾಸಿ.

ಅಪ್ಪನದು ವಿರೂಪಾಕ್ಷಿಪುರ. ತಾತನಿಗೆ ಹಿಪ್ಪುನೇರಳೆ ತೋಟ, ಒಂದಿಷ್ಟು ತೆಂಗು. ಹದಿನಾರನೆಯ ವಯಸ್ಸಿನಲ್ಲಿ ತೆಂಗಿನಕಾಯಿ ಲಾರಿಗೆ ಲೋಡ್ ಮಾಡಿಸಲು ಹೋದವನು ಕಾಯಿಯ ಮೇಲೆಯೇ ಕೂತು ಬೊಂಬಾಯಿಗೆ ಹೊರಟುಹೋದ. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ, ಮನೆಯಲ್ಲಿ ಊಟಕ್ಕೇನೂ ಕಡಿಮೆ ಇರಲಿಲ್ಲ. ರಸ್ತೆ ಎಲ್ಲಿಗೆ ಹೋಗುತ್ತದೆ ನೋಡಬೇಕು ಅನ್ನಿಸಿತಂತೆ, ಅಷ್ಟೆ. ಅಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆದು, ಆಮೇಲೆ ಅಡುಗೆಗೆ ಕೈಹಾಕಿ, ಹಿಂದಿ, ಮರಾಠಿ, ಗುಜರಾತಿ ಕಲಿತ. ತಮಿಳು ತೆಲುಗನ್ನು ಅಪ್ಪ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಅವು ತಾನಾಗಿ ಬರುವಂಥವು, ಅದಕ್ಕೆಂಥ ಹೆಚ್ಚುಗಾರಿಕೆ ಅನ್ನುತ್ತಿದ್ದ.

ಮನೆಯವರು ಊರಿಗೆ ಹಿಡಿದು ತಂದು ಅಂಬುಜಮ್ಮನನ್ನು, ಅಂದರೆ ನಮ್ಮಮ್ಮನನ್ನು, ಕಟ್ಟಿದರು. ನಾನು ಹುಟ್ಟಿ ಎರಡು ವರ್ಷಕ್ಕೆ ಸೌದಿಗೆ ಹೋದ. ಕೂಲಿಯವರ ಕ್ಯಾಂಪೊಂದರಲ್ಲಿ ಮುನ್ನೂರು ಜನಕ್ಕೆ ಅಡುಗೆ. ಹದಿಮೂರು ವರ್ಷ ಅಲ್ಲಿದ್ದ. ಮೂರು ಸಲ ಊರಿಗೆ ಬಂದ. ಬಂದಾಗಲೆಲ್ಲ ಎರಡನೆಯ ವಾರಕ್ಕೇ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕನಕಪುರಕ್ಕೆ ಬಸ್ಸು ಹತ್ತುತ್ತಿದ್ದ, ಮಾಗಡಿಗೆ ಹೋಗಿ ಸುಮ್ಮನೆ ಟೀ ಕುಡಿದು ವಾಪಸ್ಸಾಗುತ್ತಿದ್ದ. ರೇಷ್ಮೆ ಹುಳ ನಾಲ್ಕನೆಯ ಜ್ವರಕ್ಕೆ ಕೂತು, ಅಂದರೆ ಮೇವು ಬಿಟ್ಟು ಪೊರೆ ಕಳಚಿ, ಎದ್ದ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕಾದಾಗಲೂ ಅಪ್ಪ ಬಸ್‌ಸ್ಟಾಂಡಿನಲ್ಲಿ ಯಾರೋ ಮಾರವಾಡಿಯ ಹತ್ತಿರ ಮಾತಾಡುತ್ತ ನಿಂತಿರುತ್ತಿದ್ದ. "ನಿಮ್ಮಪ್ಪಂಗೆ ಮನೆಯೋರ್ ಮಾತೊಂದ್ ಬುಟ್ಟು ಮಿಕ್ಕಿದ್ದೆಲ್ಲ ಅರ್ಥ ಆಯ್ತದೆ ಕಣೆ" ಅನ್ನುತ್ತಿದ್ದಳು ಅಮ್ಮ, ಸೊಪ್ಪು ಕತ್ತರಿಸುತ್ತ.

ಅಪ್ಪ ಭಾಷೆ ಕಲಿಯುತ್ತಿದ್ದ ರೀತಿ ಅಡುಗೆಯವನ ರೀತಿ. ಬಡಿಸುವಾಗ ಒಬ್ಬ ತಟ್ಟೆಯನ್ನು ಮುಂದಕ್ಕೆ ತಳ್ಳಿ ಏನೋ ಅಂದರೆ ಅದು 'ಇನ್ನೊಸಿ'. ಕೈ ಅಡ್ಡ ಹಿಡಿದು ಏನೋ ಅಂದರೆ ಅದು 'ಸಾಕು'. ಮುಖ ಕಿವುಚಿದರೆ ಉಪ್ಪಿನದೋ ಖಾರದ್ದೋ ಪದ. ಹೀಗೆ ನೋಡಿ ನೋಡಿ ಹಿಡಿದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುತ್ತಿದ್ದ. ಈ ಪದ ಅಂದರೇನು ಅಂತ ಬಾಯಿಬಿಟ್ಟು ಕೇಳುವುದು ಅವನಿಗೆ ಅವಮಾನ. ಅಂದಾಜು ಮಾಡಿ, ಮಾರನೆಯ ದಿನ ಆಡಿ ನೋಡಿ, ಎದುರಿನವನು ನಗದಿದ್ದರೆ ಸರಿ ಅಂತ ತೀರ್ಮಾನ. ಮೂವತ್ತು ವರ್ಷ ಆ ಅಂದಾಜು ಹೆಚ್ಚು ಕಡಿಮೆ ಸುಳ್ಳಾಗಲಿಲ್ಲ. ಅದೇ ತಪ್ಪಾಗಿದ್ದು.

ಕ್ಯಾಂಪಿನಲ್ಲಿ ಕಾದ ಎಣ್ಣೆ ಕಾಲಿನ ಮೇಲೆ ಚೆಲ್ಲಿತು. ಎರಡು ಸಾವಿರದ ಐದರಲ್ಲಿ ಕುಂಟುತ್ತ ವಾಪಸ್ಸು ಬಂದ. ಊರಿನಲ್ಲಿ ಇರಲಾರ, ಹೊರಗೆ ಹೋಗಲಾರ. ಚನ್ನಪಟ್ಟಣದಲ್ಲಿ, ಮೈಸೂರು ರಸ್ತೆಯ ಬೊಂಬೆ ಅಂಗಡಿಗಳ ಪಕ್ಕ, ಒಂದು ಟೀ ಅಂಗಡಿ ಹಾಕಿದ. ಕಾರು ನಿಲ್ಲಿಸಿ ಬೊಂಬೆ ಕೊಳ್ಳಲು ಬರುವ ಪರದೇಶದವರ ಬಾಯಿ ನೋಡಿಕೊಂಡಾದರೂ ಇರಬಹುದಲ್ಲ ಅಂತ. ನಾನು ಅಲ್ಲಿಯೇ ಕಾಲೇಜಿಗೆ ಸೇರಿದ್ದರಿಂದ ಅಪ್ಪನ ಜೊತೆ ಅಂಗಡಿಯ ಹಿಂದಿನ ರೂಮಿನಲ್ಲಿ ಇದ್ದೆ. ಅಮ್ಮ ವಿರೂಪಾಕ್ಷಿಪುರ ಬಿಟ್ಟು ಬರಲಿಲ್ಲ.

ಅಂಗಡಿಯ ಹಿಂದಿನ ಗಲ್ಲಿಯಲ್ಲೇ ಹಾಜಿರಕ್ಕನ ಮನೆ. ಅವರ ಯಜಮಾನರು ವಹಾಬ್ ಸಾಬರು ಲೇತಿನಲ್ಲಿ ಬೊಂಬೆ ಕಡೆಯುತ್ತಿದ್ದವರು, ಎದೆನೋವು ಬಂದು ನಿಂತ ಕಾಲಲ್ಲೇ ಹೋಗಿಬಿಟ್ಟಿದ್ದರು. ಹಾಜಿರಕ್ಕ ಮನೆಯಲ್ಲೇ ಕೂತು ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದರು. ದಿನಕ್ಕೆ ನೂರಾರು ಜೊತೆ ಕಣ್ಣು. ಕೈ ಒಂದಿಷ್ಟೂ ನಡುಗದು. ಇದ್ದವನು ಒಬ್ಬನೇ ಮಗ, ಉಜೈರ್.

ಅಪ್ಪನಿಗೂ ಹಾಜಿರಕ್ಕನಿಗೂ ಪರಿಚಯ ಬೆಳೆದದ್ದು ಒಂದು ಕಾಗದದಿಂದ. ಕ್ಯಾಂಪು ಬಿಡುವಾಗ ಅಪ್ಪನಿಗೆ ಅಲ್ಲಿನ ಸಾಹೇಬರು ಅರಬ್ಬಿಯಲ್ಲಿ ಏನೋ ಬರೆದುಕೊಟ್ಟಿದ್ದರು. ಅಪ್ಪನಿಗೆ ಅರಬ್ಬಿ ಮಾತು ಬರುತ್ತಿತ್ತೇ ಹೊರತು ಅಕ್ಷರ ಬರುತ್ತಿರಲಿಲ್ಲ. ಹಾಜಿರಕ್ಕನದು ಪೂರಾ ತಿರುಗಾಮುರುಗಾ. ಚಿಕ್ಕಂದಿನಲ್ಲಿ ಕುರಾನು ಓದಲು ಕಲಿತವರು, ನಾಲ್ಕನೆಯವರೆಗೆ ಉರ್ದು ಶಾಲೆಗೂ ಹೋದವರು. ಅರಬ್ಬಿಯ ಯಾವ ಸಾಲು ಕೊಟ್ಟರೂ ಗಟ್ಟಿಯಾಗಿ ಓದುತ್ತಿದ್ದರು, ಅದರ ಅರ್ಥ ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ದಿನ ಅಪ್ಪ ಆ ಕಾಗದ ಒಯ್ದು ಕೊಟ್ಟ. ಅವರು ಕೈ ತೊಳೆದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕಿತಾಬು ಓದುವ ರಾಗದಲ್ಲೇ ಓದಿದರು. ಅಪ್ಪ ಕಣ್ಣು ಮುಚ್ಚಿ ಕೇಳಿದ.

"ಈ ಅಡುಗೆಯವನ ಕೈ ಶುಚಿ, ಕಳ್ತನ ಇಲ್ಲ, ಮಾತು ಒಸಿ ಜಾಸ್ತಿ ಅಂತ ಬರ್ದವ್ರೆ" ಅಂದ ಅಪ್ಪ.

ಹಾಜಿರಕ್ಕ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಈ ಅಕ್ಸರ್ದಾಗೆ ಅಡ್ಗೆ ವಿಸ್ಯಾನೂ ಬರೀತಾರಾ ಚೆಲುವಣ್ಣ?" ಅಂದರು.

ಅಲ್ಲಿಂದ ಇಬ್ಬರೂ ಸೇರಿ ಗಲ್ಲಿಯ ಒಂದು ಆಫೀಸು ಆದರು. ಕೊಲ್ಲಿಗೆ ಹೋದ ಮಕ್ಕಳು ಕಳಿಸಿದ ಕಾಗದ, ವೀಸಾ, ಕರಾರು, ಔಷಧಿ ಚೀಟಿ ಏನಿದ್ದರೂ ಜನ ಇವರ ಹತ್ತಿರ ತರುತ್ತಿದ್ದರು. ರಾಮನಗರದಿಂದ ಬಂದರು, ಮರಳವಾಡಿಯಿಂದಲೂ ಒಬ್ಬರು ಬಂದಿದ್ದರು. ಹಾಜಿರಕ್ಕ ಓದುವುದು, ಅಪ್ಪ ಅರ್ಥ ಹೇಳುವುದು. ಹಾಜಿರಕ್ಕನಿಗೆ ಒಂದೇ ತೊಡಕು. ಕುರಾನಿನಲ್ಲಿ ಅಕ್ಷರದ ಮೇಲೆ ಕೆಳಗೆ ಸ್ವರದ ಗುರುತು ಇರುತ್ತದೆ, ಅವರು ಅದನ್ನು ಜೇರ್ ಜಬರ್ ಅನ್ನುತ್ತಿದ್ದರು. ಆಫೀಸಿನ ಕಾಗದದಲ್ಲಿ ಅದೊಂದೂ ಇರುವುದಿಲ್ಲ. "ಜೇರ್ ಜಬರ್ ಇಲ್ದೆ ಓದೋದು ಅಂದ್ರೆ ಅಂದಾಜ್ ಮ್ಯಾಲೆ ಅಣ್ಣ" ಅನ್ನುತ್ತಿದ್ದರು. ಅಪ್ಪ ನಗುತ್ತಿದ್ದ. ಅಂದಾಜು ಅವನಿಗೆ ಹೊಸದಲ್ಲವಲ್ಲ.

ಉಜೈರನಿಗೆ ಅಪ್ಪನ ಗಾಳಿ ಬಡಿದದ್ದು ಆ ದಿನಗಳಲ್ಲೇ. ಲೇತಿನ ಕೆಲಸ ಮುಗಿಸಿ ಮೈಯೆಲ್ಲ ಮರದ ಹೊಟ್ಟು ಮಾಡಿಕೊಂಡು ಬಂದು, "ಮಾಮ, ಇವತ್ತೊಂದ್ ಹತ್ ಪದ" ಅಂತ ಕೂರುತ್ತಿದ್ದ. ಅಪ್ಪ ಹತ್ತು ಪದ ಕೊಟ್ಟು, ಅದಕ್ಕೆ ಉಪ್ಪು ಖಾರ ಹಚ್ಚಿದ ನಾಲ್ಕು ಕಥೆ ಹೇಳುತ್ತಿದ್ದ. ಮರಳುಗಾಡಿನ ಬೆಳಗು, ಸಮುದ್ರದ ನೀರಿನಲ್ಲಿ ತೇಲುವ ಪೇಟೆ, ಹತ್ತು ದೇಶದವರು ಒಂದೇ ಪಾತ್ರೆಯ ಅನ್ನ ಉಣ್ಣುವುದು. ಕಾಲಿನ ಮೇಲೆ ಎಣ್ಣೆ ಚೆಲ್ಲಿದ ಕಥೆಯನ್ನು ಮಾತ್ರ ಅಪ್ಪ ಸಣ್ಣದು ಮಾಡಿ ಹೇಳುತ್ತಿದ್ದ. ಎರಡು ಸಾವಿರದ ಎಂಟರಲ್ಲಿ ಉಜೈರನಿಗೆ ಸೌದಿಯಲ್ಲಿ ಸಾಮಾನು ಗಾಡಿಯ ಕೆಲಸ ಸಿಕ್ಕಿತು. ಹಾಜಿರಕ್ಕನಿಗೆ ಇಷ್ಟವಿರಲಿಲ್ಲ. ಒಪ್ಪಿಸಿದ್ದು ಅಪ್ಪ. "ಕಳ್ಸಮ್ಮ, ನಾನ್ ಕಂಡಿರೋ ದೇಸ. ಅವ್ನಿಗ್ ಮಾತ್ ಬತ್ತದೆ, ಮಾತ್ ಬರೋನ್ಗೆ ಎಲ್ಲೂ ಏನೂ ಆಗಕಿಲ್ಲ" ಅಂದದ್ದು ನನ್ನ ಕಿವಿಯಲ್ಲೇ ಇದೆ.

ಒಂದೂವರೆ ವರ್ಷ ಉಜೈರ್ ವಾರಕ್ಕೊಮ್ಮೆ ಅಪ್ಪನ ಮೊಬೈಲಿಗೆ ಫೋನ್ ಮಾಡುತ್ತಿದ್ದ. ಮೊದಲು ಅಪ್ಪನ ಜೊತೆ ಅರಬ್ಬಿಯಲ್ಲಿ ಗತ್ತಿನಿಂದ ಎರಡು ಮಾತು, ಆಮೇಲೆ ತಾಯಿಯ ಜೊತೆ. ಎರಡು ಸಾವಿರದ ಹತ್ತರ ಬೇಸಿಗೆಯಲ್ಲಿ, ಯಜಮಾನ ಸರಿಯಿಲ್ಲ, ಬಿಟ್ಟು ಬೇರೆ ಕಡೆ ಹೋಗುತ್ತೇನೆ ಅಂದ. ಅದೇ ಕೊನೆ, ಫೋನು ನಿಂತಿತು. ಒಂದು ತಿಂಗಳಾಯಿತು, ಎರಡಾಯಿತು. ಹಾಜಿರಕ್ಕ ದಿನಾ ಸಂಜೆ ಅಂಗಡಿಗೆ ಬಂದು ಮೊಬೈಲಿನ ಮುಖ ನೋಡಿ ಹೋಗುತ್ತಿದ್ದರು.

ಆಮೇಲೆ ಒಂದು ರಿಜಿಸ್ಟರ್ ಕವರು ಬಂತು. ಉಜೈರ್ ಅಲ್ಲಿ ಬರೆಸಿದ್ದ ವಿಳಾಸ ನಮ್ಮ ಅಂಗಡಿಯದೇ. ಒಳಗೆ ಒಂದೇ ಹಾಳೆ, ಕೈಬರಹದ ಅರಬ್ಬಿ, ಎರಡು ನೀಲಿ ಸೀಲು. ಮೇಲ್ಗಡೆ ಮಾತ್ರ ಇಂಗ್ಲಿಷಿನಲ್ಲಿ ಯಾವುದೋ ಆಸ್ಪತ್ರೆಯ ಹೆಸರು, ಪೋಸ್ಟ್ ಬಾಕ್ಸ್ ನಂಬರು. ಅಷ್ಟನ್ನು ನಾನು ಓದಿ ಹೇಳಿದೆ. ಹಾಜಿರಕ್ಕನ ಮುಖ ಬಿಳುಚಿಕೊಂಡಿತು.

"ಆಸ್ಪತ್ರೆ ಅಂದ್ರೆ ಕಾಯ್ಲೆನೇ ಆಗ್ಬೇಕಾ?" ಅಂದ ಅಪ್ಪ. "ಅಲ್ಲಿ ಕೆಲ್ಸ ಮಾಡೋರ್ ಇರಕಿಲ್ವಾ? ಮೊದ್ಲು ಓದಿ ಹಾಜಿರಮ್ಮ."

ಅವರ ಮನೆಯಲ್ಲೇ ಕೂತೆವು. ಹಾಜಿರಕ್ಕ ಎಂದಿನ ಹಾಗೆ ಕೈ ತೊಳೆದು ಬಂದರು, ಸೆರಗು ಎಳೆದುಕೊಂಡರು, ಅದೇ ರಾಗದಲ್ಲಿ ಶುರು ಮಾಡಿದರು. ಅರಬ್ಬಿಯನ್ನು ಓದಲು ಅವರಿಗೆ ಬೇರೆ ರಾಗ ಗೊತ್ತಿರಲಿಲ್ಲ. ಮಗನ ಹೆಸರು ಬಂತು, ಗಂಡನ ಹೆಸರು ಬಂತು, ಪಾಸ್‌ಪೋರ್ಟಿನ ನಂಬರು ಬಂತು. ಆಮೇಲೆ ಒಂದು ಪದದ ಹತ್ತಿರ ತಡವರಿಸಿದರು. "ಮುತವಫ್ಫೀ... ಮುತವಫ್ಫಾ... ಏನೋ ಐತೆ ಅಣ್ಣ."

ಅಪ್ಪನಿಗೆ ಆ ಪದ ಗೊತ್ತಿರಲಿಲ್ಲ. ಹದಿಮೂರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಯಾರಾದರೂ ಸತ್ತರೆ 'ಮಾತ್' ಅನ್ನುತ್ತಿದ್ದರು, ನಮ್ಮ ಮಾತು ಅನ್ನುವ ಪದದ ಹಾಗೇ ಕೇಳಿಸುತ್ತದೆ. ಆ ಪದ ಎಲ್ಲಿ ಬಂದುಬಿಡುತ್ತದೋ ಅಂತ ಅಪ್ಪ ಉಸಿರು ಬಿಗಿಹಿಡಿದು ಕೂತಿದ್ದ ಅಂತ ಆಮೇಲೆ ನನಗೆ ಹೇಳಿದ. ಅದು ಬರಲಿಲ್ಲ. ಬಂದದ್ದು ಬೇರೆ ಪದ, ಆಫೀಸಿನವರು ಬರೆಯುವ ಮರ್ಯಾದೆಯ ಪದ. ಅಪ್ಪ ಅದರ ಪಕ್ಕದಲ್ಲಿ ತನಗೆ ಗೊತ್ತಿದ್ದ ಇನ್ನೊಂದನ್ನು ಹುಡುಕಿ ಹಿಡಿದ.

"ಅದು ಮುತವಫ್ಫಿರ್ ಕಣಮ್ಮ. ಅಂಗಡಿಲಿ ಕೇಳ್ತಾರೆ, ಅಕ್ಕಿ ಮುತವಫ್ಫಿರಾ ಅಂತ. ಅಂದ್ರೆ ಐತೆ, ಸಿಕ್ತದೆ ಅಂತ. ಹುಡ್ಗ ಅವ್ನೆ."

"ರೇ ಅಕ್ಸರ, ಆ ಕೊನೇ ರ, ಇಲ್ವಲ್ಲಣ್ಣ ಇಲ್ಲಿ."

"ಕೈಬರಹ. ಅವ್ಸರಕ್ಕೆ ಬುಟ್ಟವ್ರೆ. ಮುಂದಕ್ಕೋದಿ."

ಹಾಜಿರಕ್ಕ ಬೆರಳಿಟ್ಟು ಮುಂದಕ್ಕೆ ಓದಿದರು. "ಸಲ್ಲಾಜ..."

"ಸಲ್ಲಾಜ ಅಲ್ಲ, ತಲ್ಲಾಜ!" ಅಪ್ಪ ತೊಡೆ ತಟ್ಟಿದ. ಆ ಮುಖದ ಮೇಲಿನ ಹಿಗ್ಗನ್ನು ನಾನು ಸಾಯುವವರೆಗೂ ಮರೆಯಲಾರೆ. ತಲ್ಲಾಜ ಅಂದರೆ ಫ್ರಿಜ್ಜು. ಕ್ಯಾಂಪಿನಲ್ಲಿ ಮನೆಯಷ್ಟು ದೊಡ್ಡ ಫ್ರಿಜ್ಜಿನ ಕೋಣೆ ಇತ್ತು, ಮಾಂಸ ತರಲು ಅಪ್ಪ ದಿನಾ ಅದರೊಳಗೆ ಹೋಗಿ ಬರುತ್ತಿದ್ದ. "ಆಸ್ಪತ್ರೆ ಕೋಲ್ಡ್ ಸ್ಟೋರೇಜಲ್ಲಿ ಅವ್ನಂತೆ ಹಾಜಿರಮ್ಮ. ಒಳ್ಳೆ ಕೆಲ್ಸ. ಬಿಸ್ಲಿಲ್ಲ, ಬೇಗೆಯಿಲ್ಲ."

ಕೊನೆಯ ಸಾಲುಗಳಲ್ಲಿ ವಕಾಲಾ ಅನ್ನುವ ಪದವಿತ್ತು. ಅದು ನಮ್ಮ ವಕಾಲತ್ತೇ. ಮನೆಯವರ ಕಡೆಯಿಂದ ಒಂದು ಬರಹ ಬೇಕು, ಬೇಗ ಬೇಕು ಅನ್ನುವಷ್ಟು ಅಪ್ಪನಿಗೆ ಸರಿಯಾಗಿಯೇ ತಿಳಿಯಿತು. ಯಜಮಾನನನ್ನು ಬಿಟ್ಟು ಬಂದ ಹುಡುಗ ಅಲ್ಲವಾ, ಕೆಲಸಕ್ಕೆ ಇಟ್ಟುಕೊಳ್ಳಲು ತಾಯಿಯ ಒಪ್ಪಿಗೆ ಕೇಳುತ್ತಿದ್ದಾರೆ ಅಂದ. ಸುಳ್ಳು ಹೇಳುವ ಮನಸ್ಸು ಅವನಿಗೆ ಎಳ್ಳಷ್ಟೂ ಇರಲಿಲ್ಲ. ಅವನು ಅದನ್ನು ನಂಬಿದ್ದ.

ಹಾಜಿರಕ್ಕ ಆ ಮೊದಲಿನ ಪದದ ಮೇಲೆ ಮತ್ತೆ ಬೆರಳಿಟ್ಟರು. "ಒಂದ್ಸಲಿ ಮಸೀದಿ ಹಜ್ರತ್ಗೆ ತೋರ್ಸ್‌ಬುಡ್ಲಾ ಅಣ್ಣ? ಸುಮ್ನೆ."

ಅಪ್ಪನಿಗೆ ನೋವಾಯಿತು. "ತೋರ್ಸಿ, ಬ್ಯಾಡ ಅನ್ನಕಿಲ್ಲ. ಅವ್ರದ್ದು ಕಿತಾಬಿನ ಅರಬ್ಬಿ. ಇದು ಆಫೀಸಿನ ಅರಬ್ಬಿ. ನಾನ್ ಹದಿಮೂರ್ ವರ್ಸ ಅದ್ರಲ್ಲೇ ಬೆಂದಿವ್ನಿ." ಹಾಜಿರಕ್ಕ ಮತ್ತೆ ಆ ಮಾತು ಎತ್ತಲಿಲ್ಲ. ಅವರಿಗೂ ಅಪ್ಪನ ಅರ್ಥವೇ ಬೇಕಾಗಿತ್ತು. ನನಗೂ ಅದೇ ಬೇಕಾಗಿತ್ತು, ಯಾಕೆ ಸುಳ್ಳು ಹೇಳಲಿ.

ಅಲ್ಲೇ ಕೂತು ಉತ್ತರ ಬರೆದದ್ದಾಯಿತು. ಅಪ್ಪ ತನ್ನ ಅಡುಗೆಮನೆಯ ಅರಬ್ಬಿಯಲ್ಲಿ ಒಂದೊಂದೇ ಪದ ಹೇಳಿದ, ಹಾಜಿರಕ್ಕ ಕೇಳಿದ ಹಾಗೆ ಅಕ್ಷರ ಕೂಡಿಸಿ ಬರೆದರು. ಬೊಂಬೆಯ ಕಣ್ಣು ಬರೆಯುವ ಕೈ, ಅಕ್ಷರ ಮುತ್ತಿನ ಹಾಗಿತ್ತು. 'ಅನಾ ಉಮ್ಮ್ ಉಜೈರ್. ಅನಾ ಮಬ್ಸೂತಾ. ಖಲ್ಲಿ ವಲದಿ ಇಂದಕುಮ್. ಶೂಫು ಜೈನ್.' ನಾನು ಉಜೈರನ ತಾಯಿ. ನನಗೆ ಸಂತೋಷ. ನನ್ನ ಮಗ ನಿಮ್ಮಲ್ಲೇ ಇರಲಿ. ಚೆನ್ನಾಗಿ ನೋಡಿಕೊಳ್ಳಿ. ಕವರಿನ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದವಳು ನಾನು. ಪೋಸ್ಟಾಫೀಸಿಗೆ ಹೋಗಿ ಹಾಕಿದವಳೂ ನಾನೇ.

ಮಾರನೆಯ ದಿನ ಹಾಜಿರಕ್ಕ ಗಲ್ಲಿಗೆಲ್ಲ ಸಿಹಿ ಹಂಚಿದರು. ಒಂದು ತಿಂಗಳಿಗೆ ರಾಮನಗರದಲ್ಲಿ ಹೆಣ್ಣು ನೋಡಿ ಬಂದರು. ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ, ಹಿನಾ ಅಂತ. ಉಜೈರನ ಫೋಟೋ ಅವರ ಮನೆಗೆ ಹೋಯಿತು, ಒಂದು ಸೀರೆಯೂ ಹೋಯಿತು. ಹೆಣ್ಣಿನ ಕಡೆಯವರು ಹುಡುಗನ ಜೊತೆ ಫೋನಿನಲ್ಲಿ ಎರಡು ಮಾತಾಡಿಸಿ ಅಂದರು. ಹಾಜಿರಕ್ಕ ಅಪ್ಪನನ್ನು ಕೇಳಿದರು, ಯಾಕಣ್ಣ ಅವನು ಫೋನ್ ಮಾಡುವುದಿಲ್ಲ?

"ಕೋಲ್ಡ್ ಸ್ಟೋರೇಜ್ ಗೋಡೆ ಈಟ್ ದಪ್ಪ ಇರ್ತದೆ ಹಾಜಿರಮ್ಮ" ಅಂದ ಅಪ್ಪ, ಎರಡು ಕೈಯಲ್ಲಿ ಅಳತೆ ತೋರಿಸುತ್ತ. "ಒಳೀಕೆ ಸಿಗ್ನಲ್ ಬರಕಿಲ್ಲ."

ಹೀಗೆ ಏಳು ತಿಂಗಳು. ಪ್ರತಿ ಸಲ ಅಪ್ಪನ ಹತ್ತಿರ ಒಂದು ಸಮಾಧಾನ ಸಿದ್ಧವಾಗಿರುತ್ತಿತ್ತು. ಕೊನೆಕೊನೆಗೆ ಅವನ ದನಿಯಲ್ಲಿ ಜೋರು ಇರಲಿಲ್ಲ, ಆದರೂ ಹೇಳುವುದನ್ನು ಬಿಡಲಿಲ್ಲ. ಒಂದು ದಿನವಾದರೂ ಮೊದಲಿನ ಆ ಪದದ ಬಗ್ಗೆ ಅನುಮಾನ ಬರಲಿಲ್ಲವಾ ಅಂತ ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. ಬಂದಿತ್ತು ಅಂದ. ಬಂದಾಗಲೆಲ್ಲ ಹೆದರಿ ಬೇರೆ ಕೆಲಸ ಹಿಡಿಯುತ್ತಿದ್ದನಂತೆ.

ಮುಂದಿನ ವರ್ಷದ ಮೊದಲಲ್ಲಿ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬರು ಬಂದರು. ರಾಮನಗರದವರು, ಹೆಸರು ಶರೀಫ್. ಉಜೈರ್ ಇದ್ದ ಊರಿನಲ್ಲೇ ಡ್ರೈವರು, ರಜೆಗೆ ಬಂದಿದ್ದರು. ಹಿನಾಳ ಮನೆಯವರು ಅವರಿಗೆ ಗುರುತು. ಆ ಮನೆಯವರು ಕೇಳಿಕೊಂಡದ್ದಕ್ಕೆ ಶರೀಫ್ ಅಲ್ಲಿ ವಿಚಾರಿಸಿದ್ದರಂತೆ. ಅಪ್ಪ ಕೊಟ್ಟ ಟೀಯನ್ನು ಪಕ್ಕಕ್ಕಿಟ್ಟರು.

"ಚೆಲುವಯ್ಯನೋರು ಅಂದ್ರೆ ನೀವೇನಾ? ಆ ಹುಡ್ಗನ್ ತಾಯಿ ಹತ್ರ ಹೋಗಕ್ ನಂಗ್ ಕಾಲ್ ಬರ್ಲಿಲ್ಲ" ಅಂದರು.

ಉಜೈರ್ ಯಜಮಾನನನ್ನು ಬಿಟ್ಟ ನಾಲ್ಕನೆಯ ದಿನವೇ ರಸ್ತೆ ದಾಟುವಾಗ ಗಾಡಿ ಹೊಡೆದು ಸತ್ತಿದ್ದ. ಅಲ್ಲಿನ ಆಸ್ಪತ್ರೆಗಳಲ್ಲಿ ಹೆಣ ಇಡುವ ಕೋಣೆಗೂ ಜನ ತಲ್ಲಾಜ ಅಂತಲೇ ಅನ್ನುತ್ತಾರೆ. ಎರಡು ತಿಂಗಳಿಗೂ ಹೆಚ್ಚು ಅದರಲ್ಲಿ ಇಟ್ಟಿದ್ದರು. ಊರಿಗೆ ಕಳಿಸಬೇಕಾ, ಅಲ್ಲಿಯೇ ಮಣ್ಣು ಮಾಡಬೇಕಾ, ಮನೆಯವರು ಬರೆದು ತಿಳಿಸಲಿ ಅಂತ ಕೇಳಿದ್ದು ಆ ಕಾಗದ. ಶರೀಫ್ ಅವರು ಫೈಲಿನ ಜೆರಾಕ್ಸ್ ತಂದಿದ್ದರು. ಕೊನೆಯ ಹಾಳೆ ನಮ್ಮ ಉತ್ತರ. ಅದರ ಮೇಲೂ ಒಂದು ಸೀಲು ಬಿದ್ದಿತ್ತು.

"ಮಗ ಇಲ್ಲೇ ಇರ್ಲಿ, ನಂಗ್ ಸಂತೋಸ ಅಂತ ತಾಯಿನೇ ಬರ್ದವ್ಳೆ, ನೋಡು ಅಂತ ತೋರ್ಸುದ್ರು" ಅಂದರು ಶರೀಫ್. "ಯಾವ್ ತಾಯಪ್ಪ ಹಿಂಗ್ ಬರೀತಾಳೆ ಅಂತ ನಂಗ್ ಸಿಟ್ಟೂ ಬಂತು. ಈ ಕಾಗ್ದ ಸೇರಿ ಹನ್ನೆರಡ್ ದಿನಕ್ಕೆ ಅಲ್ಲೇ ದಫನ್ ಮಾಡವ್ರೆ. ಅಲ್ಲಿ ಗೋರಿಗೆ ಹೆಸ್ರೂ ಹಾಕಕಿಲ್ಲ."

ನಾವು ಸಿಹಿ ತಿಂದ ದಿನ ಉಜೈರ್ ಇನ್ನೂ ಆ ಕೋಣೆಯಲ್ಲೇ ಇದ್ದ. ಒಂದು ಸರಿಯಾದ ಸಾಲು ಬರೆದಿದ್ದರೆ ತಾಯಿ ಮಗನ ಮುಖ ನೋಡಬಹುದಿತ್ತು. ಅಪ್ಪನ ಪಕ್ಕದಲ್ಲೇ ಹಾಲು ಉಕ್ಕಿ ಒಲೆ ಆರಿತು, ಅಪ್ಪ ಅಲ್ಲಾಡಲಿಲ್ಲ.

ಅವತ್ತೇ ಹೋಗಿ ಹೇಳಿದ. ನಾನೂ ಜೊತೆಗಿದ್ದೆ. ಹಾಜಿರಕ್ಕ ಬೊಂಬೆಗಳ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದರು.

"ಹಾಜಿರಮ್ಮ, ನಾನ್ ತಪ್ಪ್ ಅರ್ಥ ಹೇಳ್ಬುಟ್ಟೆ" ಅಂದ ಅಪ್ಪ, ಬಾಗಿಲಲ್ಲೇ ನಿಂತು.

"ಯಾವ್ದುಕ್ಕೆ?"

ಅಪ್ಪ ಒಂದೊಂದಾಗಿ ಹೇಳಿದ. ತಲ್ಲಾಜದ್ದು ಹೇಳಿದ, ವಕಾಲಾದ್ದು ಹೇಳಿದ, ಮೊದಲನೆಯ ಪದಕ್ಕೆ ತೀರಿಕೊಂಡವನು ಅಂತ ಅರ್ಥ ಅನ್ನುವುದನ್ನು ಕೊನೆಗೆ ಹೇಳಿದ. ಅಲ್ಲಿಯೇ ಮಣ್ಣು ಮಾಡಿದ್ದನ್ನು ನಾನು ಹೇಳಿದೆ. ಹಾಜಿರಕ್ಕ ಅಳಲಿಲ್ಲ, ಆಗ. ಅಪ್ಪನ ಮುಖವನ್ನೇ ನೋಡುತ್ತ, "ರೇ ಅಕ್ಸರ ಇಲ್ಲ ಅಂತ ನಾನ್ ಹೇಳ್ದೆ ಅಲ್ವಾ ಅಣ್ಣ" ಅಂದರು. ಅದನ್ನೇ ಇನ್ನೊಂದು ಸಲ ಅಂದರು. ಆಮೇಲೆ ಹೊರಟ ಕೂಗಿಗೆ ಗಲ್ಲಿಯ ಹೆಂಗಸರೆಲ್ಲ ಓಡಿ ಬಂದರು.

ಸುದ್ದಿ ಕೇಳಿ ಅಮ್ಮ ಹುಳ ಬಿಟ್ಟು ವಿರೂಪಾಕ್ಷಿಪುರದಿಂದ ಬಂದಳು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಅಮ್ಮ ಮನೆ ಬಿಟ್ಟದ್ದು ನಾನು ಕಂಡಂತೆ ಅದೊಂದೇ ಸಲ. ಹತ್ತು ದಿನ ಹಾಜಿರಕ್ಕನ ಮನೆಯಲ್ಲೇ ಇದ್ದಳು, ನೆಂಟರಿಗೆ, ಬಂದು ಹೋಗುವವರಿಗೆ ನೀರು ನಿಡಿ ನೋಡಿದಳು. ಅಪ್ಪನ ಜೊತೆ ಮಾತಿಲ್ಲ. ಊರಿಗೆ ಹೊರಟ ದಿನ ಅಂಗಡಿಯ ಮುಂದೆ ನಿಂತು ಒಂದೇ ಮಾತು ಅಂದಳು: "ಅಷ್ಟ್ ಭಾಷೆ ಕಲ್ತೆ. ಗೊತ್ತಿಲ್ಲ ಅನ್ನಕೆ ನಿಂಗೆ ಒಂದ್ರಲ್ಲೂ ಬರ್ನಿಲ್ವಲ್ಲ."

 ಆ ಮಾತು ಅಪ್ಪನನ್ನು ಕೊಂದಿತು ಅಂತ ನಾನು ತಿಳಿದಿದ್ದೇನೆ. ದೇಹ ಬೀಳಲು ಇನ್ನೂ ಹದಿನಾಲ್ಕು ವರ್ಷ ಹಿಡಿಯಿತು, ಅಷ್ಟೆ. ನನಗೆ ಅವನ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಅವನಂಥ ಆಸೆಯ ಮನುಷ್ಯನನ್ನು ನಾನು ಇನ್ನೊಬ್ಬನನ್ನು ನೋಡಿಲ್ಲ ಅನ್ನುವುದೂ ನಿಜ.

ನಲವತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಜಿರಕ್ಕನೇ ಅಂಗಡಿಗೆ ಬಂದರು. ಕೈಯಲ್ಲಿ ಬಿಳಿ ಹಾಳೆ, ಪೆನ್ನು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಬೆಂಚಿನ ಮೇಲೆ ಕೂತರು.

"ಚೆಲುವಣ್ಣ, ಇನ್ನೊಂದ್ ಕಾಗ್ದ ಬರೀಬೇಕು."

"ಯಾರ್ಗಮ್ಮ?"

"ಅವ್ರಿಗೇ. ಆ ಫೈಲ್ಗೆ." ಹಾಳೆಯನ್ನು ಬೆಂಚಿನ ಮೇಲೆ ಹರಡಿ ಅಂಗೈಯಿಂದ ಸವರಿದರು. "ಅದ್ರಲ್ಲಿ ನಂಗೆ ಸಂತೋಸ ಅಂತ ಐತೆ, ನನ್ ಕೈಯಿಂದ್ಲೇ ಬರ್ದಿರೋದು. ಅದು ಹಂಗೇ ಇರ್ಬಾರ್ದು. ನಂಗೆ ಸಂತೋಸ ಇಲ್ಲ ಅಂತ ಬರೀಬೇಕು. ಅವ್ನು ಹೋಗ್ಬುಟ್ಟವ್ನೆ ಅಂತ ನಂಗೊತ್ತಿರ್ನಿಲ್ಲ ಅಂತ ಬರೀಬೇಕು. ಈ ಸಲಿ ಒಂದೊಂದ್ ಪದಕ್ಕೂ ಏನು ಅಂತ ಹೇಳು, ಆಮ್ಯಾಕ್ ಬರೀತೀನಿ."

ಬೇರೆ ಯಾರ ಹತ್ತಿರವಾದರೂ ಬರೆಸಿ, ಹಜರತ್ತರ ಹತ್ತಿರ ಹೋಗಿ ಅಂತ ಅಪ್ಪ ಕೈ ಮುಗಿದ. ಹಾಜಿರಕ್ಕ ಏಳಲಿಲ್ಲ. ಅದನ್ನು ಬರೆಸಿದವನು ನೀನು, ಇದನ್ನೂ ನೀನೇ ಬರೆಸಬೇಕು ಅಂದರು. ಸಿಟ್ಟಿನಿಂದ ಅನ್ನಲಿಲ್ಲ. ಅಪ್ಪ ಬಂದು ನೆಲದ ಮೇಲೆ ಅವರ ಎದುರು ಕೂತ.

"ಅನಾ."

"ಅಂದ್ರೆ?"

"ನಾನು."

ಬರೆದರು. ಉಮ್ಮ್ ಅಂದರೆ ತಾಯಿ. ಬರೆದರು. ಮಗನ ಹೆಸರು ಬರೆದರು. ಮೂ ಅಂದರೆ ಅಲ್ಲ. ಮಬ್ಸೂತಾ ಅಂದಾಗ ಅಪ್ಪನಿಗೆ ಅರ್ಥ ಹೇಳಲಾಗಲಿಲ್ಲ, ಹಾಜಿರಕ್ಕ ಕಾದರು. ಸಂತೋಷ ಅಂತ ಹೇಳಿದ ಮೇಲೆಯೇ ಪೆನ್ನು ಇಟ್ಟದ್ದು. ಮಾ ಅಂದರೆ ಇಲ್ಲ, ಅದ್ರಿ ಅಂದರೆ ಗೊತ್ತು, ವಲದಿ ಅಂದರೆ ನನ್ನ ಮಗ. ಕೊನೆಯ ಪದಕ್ಕೆ ಅಪ್ಪ ತುಂಬ ಹೊತ್ತು ತೆಗೆದುಕೊಂಡ. ಅದು ಅವನಿಗೆ ಚೆನ್ನಾಗಿ ಗೊತ್ತಿದ್ದ ಪದ.

"ಮಾತ್" ಅಂದ.

ಆ ಒಂದು ಪದಕ್ಕೆ ಹಾಜಿರಕ್ಕ ಅರ್ಥ ಕೇಳಲಿಲ್ಲ. ಬರೆದರು.

ಆಮೇಲೆ ಕಾಗದ ಮಡಿಸಿ, ಮಡಿಲಿನಿಂದ ಒಂದು ಖಾಲಿ ಕವರು ತೆಗೆದು ನನ್ನ ಕಡೆ ಚಾಚಿದರು.

"ವಿಳಾಸ ನೀನೇ ಬರೀಬೇಕು ಕಣವ್ವ ರಾಧಾಮಣಿ" ಅಂದರು. "ಹೋದ್ಸಲಿ ನೀನ್ ಬರ್ದಿದ್ದು ಸರ್ಯಾಗ್ ಹೋಗ್ ಸೇರ್ಕತ್ತು."